ಸಭೆಯೊಳಗಿನ ಯೂದ

ಬಟ್ಟಲು ಕಲ್ಲವ್ವನ ತುಟಿ ಮುಟ್ಟುವ ಮೊದಲೇ ರೂತಮ್ಮ ಕೈ ಅಡ್ಡ ಹಿಡಿದಳು.

“ಈಕಿ ಕುಡದ ಬಟ್ಟಲದಾಗ ನಾ ಕುಡ್ಯಾಂಗಿಲ್ರಿ ಅಯ್ಯನವರ. ಸ್ವಾಮೀನ ಹಿಡದುಕೊಟ್ಟ ಯೂದನಂಗ, ನಮ್ಮೊಳಗಿನ ಯೂದ ಈಕೀನ.”

ಸಿದ್ದಾಪುರದ ಆ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಎಲ್ಲರ ತಲೆಗಳೂ ಇತ್ತ ತಿರುಗಿದವು. ಹುಬ್ಬಳ್ಳಿಯಿಂದ ಪಾದ್ರಿ ಅಯ್ಯನವರು ಬಂದಾಗ ಮಾತ್ರ ಅಲ್ಲಿ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನ. ಎಲ್ಲರಿಗೂ ಒಂದೇ ಬಟ್ಟಲು, ಕೈಯಿಂದ ಕೈಗೆ. ಮನಸ್ಸಿನಲ್ಲಿ ಹಗೆ ಇಟ್ಟುಕೊಂಡವರು ಅದನ್ನು ಮುಟ್ಟುವಂತಿಲ್ಲ.

ಅಯ್ಯನವರು ಬಟ್ಟಲನ್ನು ಮೇಜಿನ ಮೇಲಿಟ್ಟರು. “ಕಾಣಿಕಿ ಅಲ್ಲೇ ಬಿಟ್ಟು, ಮೊದಲ ಒಂದಾಗಿ ಬಾ ಅಂತ ಸ್ವಾಮಿ ಹೇಳ್ಯಾನ. ಇಬ್ಬರೂ ಹೊರಗ ಹೋಗಿ ಮಾತಾಡಿಕೊಂಡು ಬರ್ರಿ. ನಾವು ಕಾಯ್ತೀವಿ.”

ಕರನಿರಾಕರಣೆಯ ಕಾಲ ಅದು. ರೂತಮ್ಮನ ಗಂಡ, ದರ್ಜಿ ದೇವಪುತ್ರ, ಹೊಲಿದ ಅಂಗಿಗಳ ಮಡಿಕೆಯಲ್ಲಿ ಚಳವಳಿಯ ಕರಪತ್ರ ಇಟ್ಟು ಊರೂರಿಗೆ ಕಳಿಸುತ್ತಿದ್ದ. ವಾರಂಟು ಹೊರಟಾಗ ಕಾಡಂಚಿನ ಹಾಳುಬಿದ್ದ ಆಲೆಮನೆ ಸೇರಿದ. ಅವನ ಜೊತೆಗಾರ ದಿನಕರ ಬೇರೆಲ್ಲೋ ಅಡಗಿದ; ಎಲ್ಲೆಂದು ದೇವಪುತ್ರ ಹೆಂಡತಿಗೆ ಮಾತ್ರ ಹೇಳಿದ್ದ. ಪೊಲೀಸರು ಕಾಡನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಮರಳುತ್ತಿದ್ದರು. ಹಾಗಿದ್ದವರು ಒಂದು ಬೆಳಗ್ಗೆ ಅತ್ತಿತ್ತ ನೋಡದೆ ನೇರ ಆಲೆಮನೆಗೇ ಹೋದರು. ದೇವಪುತ್ರ ಈಗ ಹಿಂಡಲಗಿ ಜೈಲಿನಲ್ಲಿದ್ದ.

ಆಲೆಮನೆಯ ಸಂಗತಿ ತಿಳಿದಿದ್ದವರು ಇಬ್ಬರೇ. ಒಬ್ಬಳು ರೂತಮ್ಮ. ಇನ್ನೊಬ್ಬಳು ಸೊಪ್ಪಿನ ಹೊರೆಯಲ್ಲಿ ರೊಟ್ಟಿಯ ಗಂಟು ಬಚ್ಚಿಟ್ಟು ಒಯ್ಯುತ್ತಿದ್ದ ಕಲ್ಲವ್ವ. ದೀಕ್ಷಾಸ್ನಾನವಾದಾಗ ಅವಳಿಗೆ ಮಾರ್ಥಾ ಎಂದು ಹೆಸರಿಟ್ಟಿದ್ದರು. ಕರೆಯುವವರಿಗೆ ನೆನಪಿರಲಿಲ್ಲ ಅಷ್ಟೇ. ಕ್ರೈಸ್ತಳಾದಳೆಂದು ದಾಸನಕೊಪ್ಪದ ಬಳಗದಲ್ಲಿ ತಾಯಿಯೊಬ್ಬಳನ್ನು ಬಿಟ್ಟು ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಅವಳಿಗೆ ಉಳಿದದ್ದು ಈ ಸಭೆ ಒಂದೇ. ರೂತಮ್ಮನ ಒಂದು ಮಾತಿಗೆ ಅದೂ ಕೈಬಿಡುವ ಹೊತ್ತು ಬಂದಿತ್ತು.

ರೂತಮ್ಮನ ಸಂಶಯ ಗಾಳಿಯಿಂದ ಹುಟ್ಟಿದ್ದಲ್ಲ. ಇಬ್ಬರದೂ ಒಂದೇ ಮಾಡಿನ ಕೆಳಗಿನ ಮನೆ, ನಡುವೆ ಒಂದು ಅಡ್ಡಗೋಡೆ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹವಾಲ್ದಾರ ಚಂದ್ರಶೇಖರಪ್ಪ ಕಲ್ಲವ್ವನ ಜಗಲಿಗೆ ಬಂದು ಕೂರುತ್ತಿದ್ದ. ಇವಳು ನೀರು, ಬೆಲ್ಲ ಕೊಡುತ್ತಿದ್ದಳು. ರೂತಮ್ಮ ಮೊಣಕಾಲೂರಿ ದೇವರಿಗೆ ಮೊರೆಯಿಡಲು ಶುರು ಮಾಡಿದರೆ ಸಾಕು, ಇವಳು ಒಳಗೆ ಒನಕೆ ಹಿಡಿದು ದಡದಡ ಕುಟ್ಟಲು ನಿಲ್ಲುತ್ತಿದ್ದಳು. ಕುಟ್ಟಲು ಭತ್ತವಾದರೂ ಎಷ್ಟಿತ್ತು? ಪ್ರಾರ್ಥನೆಯೆಂದರೆ ಉರಿ, ಇನ್ನೇನು! ಇನ್ನು ದೇವಪುತ್ರ ಸಿಕ್ಕಿಬೀಳುವ ಹಿಂದಿನ ಸಂಜೆ, ತಾಯಿಗೆ ಜ್ವರವೆಂದು ಹೇಳಿ ದಾಸನಕೊಪ್ಪಕ್ಕೆ ಹೊರಟೇಹೋಗಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಹೊರಗೆ ಹಲಸಿನ ಮರದ ಬುಡದಲ್ಲಿ ರೂತಮ್ಮ ತಿರುಗಿ ನಿಂತಳು.

“ನಾ ದೇವರೊಬ್ಬಂಗ ಬಿಟ್ಟು ಯಾರಿಗೂ ಹೇಳಿಲ್ಲ. ಹಂಗಾದ್ರ ಹೇಳಿದವರು ಯಾರು?”

ಕಲ್ಲವ್ವ ಬಾಯಿ ತೆರೆಯುವ ಮೊದಲೇ ಅವಳೇ ಮುಂದುವರಿಸಿದಳು.

“ನಿನ್ನ ತಂಗಿ ಅಂತ ತಿಳಕೊಂಡಿದ್ದೆ. ನನ್ನ ಗಂಡಗ ರೊಟ್ಟಿ ಕೊಟ್ಟ ಕೈಲೇ ಹಿಡದು ಕೊಟ್ಟೆಲ್ಲ! ನಿಜ ಹೇಳು, ಕ್ಷಮಾ ಮಾಡ್ತೀನಿ. ಹೇಳಲಿಲ್ಲಂದ್ರ ಸಾಯೂತನಾ ಮಾಡಾಂಗಿಲ್ಲ.” ಹೇಳುತ್ತಲೇ ರೂತಮ್ಮ ಬಿಕ್ಕಿಬಿಕ್ಕಿ ಅತ್ತಳು. ಗಂಡನನ್ನು ಒಯ್ದದ್ದಕ್ಕಿಂತ, ಒಯ್ಯಿಸಿದವಳು ಇವಳು ಎಂಬುದೇ ಅವಳನ್ನು ಹೆಚ್ಚು ಸುಡುತ್ತಿತ್ತು.

ಕಲ್ಲವ್ವ ಅವಳ ಮುಖ ನೋಡಿದಳು.

“ಅಕ್ಕಾರ, ಈಗ ನಿಮಗ ಏನ್ ಉಳದೈತ್ರಿ?”

“ಪ್ರಾರ್ಥನಾ ಒಂದ ಉಳದೈತಿ. ಅದನ್ನೂ ಕಸಗೋತೀ ಏನು?”

“ಇಲ್ರಿ,” ಎಂದಳು ಕಲ್ಲವ್ವ. “ಅದು ನಿಮಗ ಇರ್ಲಿ. ನಾನ ಮಾಡೀನ್ರಿ.”

ಒಳಗೆ ಹೋಗಿ ಎಲ್ಲರೆದುರು ಅದನ್ನೇ ಹೇಳಿದಳು. ಯಾಕೆ ಮಾಡಿದೆ ಎಂದರೆ ತಲೆ ಎತ್ತಲಿಲ್ಲ. ರೂತಮ್ಮ ಮಾತಿಗೆ ತಪ್ಪದೆ “ಕ್ಷಮಾ ಮಾಡೀನಿ” ಎಂದಳು. ಕ್ಷಮೆ ಬೇರೆ, ಸಭೆಯ ಶಿಸ್ತು ಬೇರೆ ಎಂದರು ಹಿರಿಯರು. ಕಲ್ಲವ್ವನನ್ನು ಸಭೆಯಿಂದ ಹೊರಗಿಟ್ಟರು. ಬಟ್ಟಲು ರೂತಮ್ಮನ ಕೈಗೆ ಬಂತು. ಕುಡಿದಳು. ಹಗುರಾಗಬೇಕಿದ್ದ ಮನಸ್ಸು ಹಗುರಾಗಲಿಲ್ಲ.

ಸಂಜೆ ಕಲ್ಲವ್ವ ಗಂಟು ಹೊತ್ತು ರೂತಮ್ಮನ ಬಾಗಿಲಿಗೆ ಬಂದಳು. ಮನೆ ಬಿಟ್ಟು ಹೊರಟಿದ್ದಳು.

“ಅಕ್ಕಾರ, ಒಂದು ಮಾತು. ಇನ್ನ ಮ್ಯಾಲೆ ಒಳಗಿನ ಖೋಲ್ಯಾಗ ಕದಾ ಮುಚಗೊಂಡು ಪ್ರಾರ್ಥನಾ ಮಾಡ್ರಿ. ಸ್ವಾಮಿನೂ ಹಂಗ ಹೇಳ್ಯಾನ.”

“ಯೂದನ ಬಾಯಾಗ ವೇದವಾಕ್ಯ!” ರೂತಮ್ಮನ ಮೈ ಉರಿಯಿತು. “ನನ್ನ ದೇವರ ಹೆಸರು ಹೇಳಾಕ ನನಗೇನು ನಾಚಿಕಿಲ್ಲ. ನಡಿ ನೀನು.”

ಕಲ್ಲವ್ವ ದಾಸನಕೊಪ್ಪದ ದಾರಿ ಹಿಡಿದಳು. ರೂತಮ್ಮ ಬೇಕೆಂದೇ ಬಾಗಿಲನ್ನು ಪೂರ್ತಿ ತೆರೆದಿಟ್ಟು, ದೀಪ ಹಚ್ಚಿ, ಪಡಸಾಲೆಯಲ್ಲಿ ಮೊಣಕಾಲೂರಿದಳು. ಕಣ್ಣು ಮುಚ್ಚಿದಳು. ಬಹಳ ದಿನಗಳ ಮೇಲೆ ಯಾವ ಸದ್ದಿನ ಕಾಟವೂ ಇರಲಿಲ್ಲ; ದನಿ ತಾನಾಗಿ ಏರಿತು.

“ಸ್ವಾಮೀ, ಯೂದನ್ನ ತೋರಿಸಿಕೊಟ್ಟಿ, ನಿನಗ ಸ್ತೋತ್ರ. ಆಲೆಮನ್ಯಾಗಿದ್ದ ನನ್ನ ಗಂಡನ್ನ ಕಾಯಿ ಅಂತ ದಿನಾ ನಿನ್ನ ಬೇಡಿಕೊಂಡೆ, ಅವರು ಒಯ್ದರು. ದಿನಕರಪ್ಪನ್ನಾದರೂ ಕಾಯಿ ತಂದೆ. ಹೊಳಿ ಆಚೆ ಕುಂಬಾರ ಗಿರಿಜವ್ವನ ಆವಿಗಿ ಹಿಂದ, ಮಡಿಕಿ ಒಟ್ಟಿದ ಗುಡಿಸಲದಾಗ ಒಬ್ಬನ ಅದಾನ...”

ಪಕ್ಕದ ಜಗಲಿಯ ಮೇಲೆ ಕುಳಿತಿದ್ದ ಹವಾಲ್ದಾರ ಚಂದ್ರಶೇಖರಪ್ಪ, ಆಮೆನ್ ಆಗುವವರೆಗೆ ಕಾದು, ಎದ್ದು ಠಾಣೆಯ ಕಡೆ ನಡೆದ.