ಕಂಪ್ಲಿಯ ಬ್ರೌಸರ್

ಊರಿಗೊಂದು ಬ್ರೌಸರ್ ಇದ್ದ ಕಾಲದಲ್ಲಿ ಕಂಪ್ಲಿಗೆ ಮಾತ್ರ ಸ್ವಂತದ್ದಿರಲಿಲ್ಲ. ಹೊಳೆಯಾಚೆಯ ಗಂಗಾವತಿಯ ಬ್ರೌಸರಿನಲ್ಲೇ ಜಾಲ ನೋಡಬೇಕಿತ್ತು. ಅದೋ, ಪ್ರತಿ ಪುಟಕ್ಕೂ ಮೊದಲು ತನ್ನೂರಿನ ಅಕ್ಕಿಯನ್ನು ಹೊಗಳುತ್ತಿತ್ತು. ರೋಸಿಹೋದ ನಿವೃತ್ತ ಬಸ್ ಕಂಡಕ್ಟರ್ ಹುಸೇನಬಿ, ಎಲ್ಲರಿಗೂ ತೆರೆದಿಟ್ಟಿದ್ದ ಮುಕ್ತ ಕೋಡ್ ತಂದು, ಓಣಿಯವರನ್ನು ಕೂಡಿಸಿಕೊಂಡು ಎರಡು ವರ್ಷದಲ್ಲಿ ಹೊಸ ಬ್ರೌಸರ್ ಕಟ್ಟಿದಳು. ಟ್ಯಾಬುಗಳು ಹೆಚ್ಚಾದರೆ ಅದು ಅವಳದೇ ದನಿಯಲ್ಲಿ "ಒಳಗ ಸರೀರಿ, ಜಾಗ ಐತಿ" ಎನ್ನುತ್ತಿತ್ತು.

ಉದ್ಘಾಟನೆಯ ಬೆಳಿಗ್ಗೆ ಬಸ್ ನಿಲ್ದಾಣದ ತುಂಬ ಜನ, ಡೊಳ್ಳು, ಮಂಡಕ್ಕಿ. ಹುಸೇನಬಿ ಗುಂಡಿ ಒತ್ತಿದಳು. ಪರದೆ ಬೆಳ್ಳಗೇ ಉಳಿಯಿತು. ಡೊಳ್ಳು ನಿಂತಿತು.

ಅಷ್ಟರಲ್ಲಿ ಅವಳ ಫೋನಿಗೆ ಗಂಗಾವತಿಯ ಬ್ರೌಸರಿನವರಿಂದ ಸಂದೇಶ ಬಂತು. ಅವಳು ಎಲ್ಲರಿಗೂ ಕೇಳುವಂತೆ ಓದಿದಳು: "ಅಕ್ಕಾ, ನಿಮ್ಮ ಕೋಡ್ ತೆರದೇ ಐತಲ್ಲ, ದಿನಾ ಓದಾಕತ್ತೀವಿ. ಕಡೀ ಸಾಲಿನ್ಯಾಗ ಒಂದು ಕಂಸ ಮುಚ್ಚಿಲ್ಲ. ನಾವು ಮುಚ್ಚೀವಿ, ಒಪ್ಪಿಗಿ ಕೊಡ್ರಿ."

"ಅವರ ಉಪಕಾರ ಬ್ಯಾಡಬೇ!" ಎಂದು ಜನ ಕೂಗಿದರು.

ಹುಸೇನಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾವು ಬರದದ್ದನ್ನ ಒಂದು ಸಾಲೂ ಬಿಡದಂಗ ಓದ್ಯಾರ. ಇಂಥಾ ಬೀಗ್ರು ಎಲ್ಲಿ ಸಿಗ್ತಾರಪಾ?"

ಅವಳು ಒಪ್ಪಿಗೆ ಒತ್ತಿದಳು. ಪರದೆಯ ಮೇಲೆ ಕಂಪ್ಲಿಯ ಹೆಸರು ದೊಡ್ಡದಾಗಿ ಅರಳಿತು. ಅರವತ್ತೆರಡರ ಹುಸೇನಬಿ ಡೊಳ್ಳು ಕಸಿದುಕೊಂಡು, ಗಂಗಾವತಿಗೂ ಕೇಳಲೆಂದು, ತಾನೇ ಬಾರಿಸತೊಡಗಿದಳು.