ಐದು ನಿಮಿಷ ಮುಂಚೆ

“ಅತ್ತಿಗೆ, ಹೂಂ ಅಂತೀಯೋ ಊಹೂಂ ಅಂತೀಯೋ? ಹೊಳೆ ದಾಟೋಕೂ ಇಷ್ಟು ಹೊತ್ತು ಹಿಡೀಲಿಲ್ಲ,” ಎಂದಳು ನಾದಿನಿ, ಬಾಡಿಗೆಮನೆಯ ಬೀಗದಕೈ ಆಡಿಸುತ್ತ. “ನಮ್ಮೂರಲ್ಲೇ ಇದ್ದುಬಿಡು. ಈ ಊರಿಗೆ ಬಂದ್ರೆ ಅಣ್ಣ ಇನ್ನೂ ದೂರ ಆಗಲ್ವಾ?”

ಖಾಲಿ ಕೋಣೆಯ ಕಿಟಕಿ ತೆರೆದು ಅತ್ತಿಗೆ ಕೈಗಡಿಯಾರ ನೋಡಿದಳು. ನಾಲ್ಕಕ್ಕೆ ಐದು ನಿಮಿಷವಿತ್ತು. ಆಚೆ ದಡದ ತಮ್ಮೂರಿನ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು ಅವಳ ಗಂಡ. ಯಾರಿಗೂ ರೈಲು ತಪ್ಪದಿರಲೆಂದು ಅದನ್ನು ಐದು ನಿಮಿಷ ಮುಂದಿಟ್ಟಿದ್ದ. ಅವನು ತೀರಿಹೋದ ಮೇಲೂ ಯಾರೂ ಅದನ್ನು ತಿದ್ದಿರಲಿಲ್ಲ. ಗೋಪುರದ ಬುಡದಲ್ಲೇ ಮನೆಯಿದ್ದರೂ ಎಂಟು ತಿಂಗಳಿಂದ ಅವಳಿಗೆ ಗಂಟೆ ಕೇಳಿಸಿರಲಿಲ್ಲ.

ಈಗ ನೀರಿನ ಮೇಲೆ ತೇಲುತ್ತ ಬಂದ ಗಂಟೆ ಮೆಲ್ಲಗೆ ನಾಲ್ಕು ಹೊಡೆಯಿತು. ಅವಳು ನಾದಿನಿಯ ಮುಂದೆ ಅಂಗೈ ಚಾಚಿದಳು.

“ಬೀಗದಕೈ ಕೊಡು. ಇಲ್ಲಿ ಅವನು ಕೇಳಿಸ್ತಾನೆ.”