ಹೊಟ್ಟು ಹಾರಿದ ಮೇಲೆ ಊಟ

ಗಾಳಿ ಈಗ ದಿನಕ್ಕೊಮ್ಮೆ, ಸಂಜೆ ಮಾತ್ರ ಬೀಸುತ್ತಿತ್ತು. ಗುಡ್ಡದ ತುದಿಯ ಹಟ್ಟಿಗೆ ಮೊದಲು ಬಂದು, ಅಲ್ಲಿಯ ಗಾಳಿಚಕ್ರ ತಿಂದು ಉಳಿಸಿದಷ್ಟು ಕೆಳಗಿನ ಹಟ್ಟಿಗೆ ಇಳಿಯುತ್ತಿತ್ತು. ಹಾಗಾಗಿ ಕೆಳಗಿನವರಿಗೂ ಗಾಳಿ ಉಳಿದಿದೆಯೇ ಎಂದು ನೋಡಲು ಮೇಲಿನವರು ಗುಡ್ಡದಂಚಿನಲ್ಲಿ ಒಂದು ಮೊರ ಹೊಟ್ಟು ತೂರಿ, ಅದು ಕೆಳಕ್ಕೆ ಹಾರಿಹೋದ ಮೇಲೆಯೇ ಊಟಕ್ಕೆ ಕೂರುತ್ತಿದ್ದರು.

ಪಟ್ಟಣದ ಎಂಜಿನಿಯರ್ ವಿಶಾಲಾಕ್ಷಿ ಮೇಲಿನ ಹಟ್ಟಿಗೆಂದು ವಿನ್ಯಾಸ ಮಾಡಿ ತಂದ ಹೊಸ ಚಕ್ರ ನೆಟ್ಟನೆಯ ಕಂಬದ ಸುತ್ತ ಬುಗುರಿಯಂತೆ ತಿರುಗುತ್ತಿತ್ತು. ಅದಕ್ಕೆ ಆರು ರೆಕ್ಕೆ. ಯಾವ ದಿಕ್ಕಿನಿಂದ ಬೀಸಿದರೂ ಒಂದೆಳೆ ಗಾಳಿಯೂ ತಪ್ಪಿಸಿಕೊಳ್ಳದು ಎಂದು ಅವಳಿಗೆ ಹೆಮ್ಮೆ. ಮೊದಲ ಸಂಜೆಯೇ ಮನೆಮನೆಯ ದೀಪ ಹಾಲು ಚೆಲ್ಲಿದಂತೆ ಬೆಳಗಿತು. ಹಟ್ಟಿಯ ಹಿರಿಯಳು ದ್ಯಾಮವ್ವ ಹೊಟ್ಟು ತೂರಿದಳು. ಅದು ಅವಳ ಕಾಲ ಮೇಲೆಯೇ ಬಿತ್ತು.

ಯಾರೂ ಊಟಕ್ಕೆ ಕೂರಲಿಲ್ಲ. ಬಡಿಸಿದ ರೊಟ್ಟಿ ಆರತೊಡಗಿತು.

"ನೀವು ಉಣ್ರಿ ಅಕ್ಕಾರ. ಹೊರಗಿನವ್ರು, ನಿಮಗ ಈ ಕಟ್ಟಳಿ ಇಲ್ಲ," ಎಂದಳು ದ್ಯಾಮವ್ವ.

ವಿಶಾಲಾಕ್ಷಿ ಗೊಣಗುತ್ತ ಸ್ಪ್ಯಾನರ್ ಹಿಡಿದು ಎದ್ದಳು. ಚಕ್ರ ನಿಲ್ಲಿಸಿ, ಏಣಿ ಹತ್ತಿ, ಒಂದು ಬಿಟ್ಟು ಒಂದರಂತೆ ಮೂರು ರೆಕ್ಕೆ ಕಳಚಿದಳು. ಚಕ್ರ ಮತ್ತೆ ತಿರುಗಿದಾಗ ದೀಪಗಳು ಅರಿಶಿನ ಬಣ್ಣಕ್ಕೆ ಇಳಿದವು. ಎರಡನೇ ಮೊರದ ಹೊಟ್ಟು ಹಾರಿತು. ಎಲ್ಲರೂ ಉಣ್ಣಲು ಕೂತರು.

ತುತ್ತು ಎತ್ತುವಾಗ ಅವಳಿಗೆ ಕೆಳಗಿನ ಹಟ್ಟಿಯಲ್ಲಿ ದೀಪ ಹೊತ್ತಿದ್ದು ಕಂಡಿತು. ಅಲ್ಲಿಯೂ ಯಾರೋ ಅಂಚಿಗೆ ಬಂದು ಮೊರ ಎತ್ತಿದರು.

"ಅವರ ಕೆಳಗೆ ಯಾವ ಹಟ್ಟಿ ಇದೆ?" ಎಂದು ಕೇಳಿದಳು.

"ಯಾವ್ದೂ ಇಲ್ರಿ," ಎಂದಳು ದ್ಯಾಮವ್ವ ರೊಟ್ಟಿ ಮುರಿಯುತ್ತ. "ಅದಕ್ಕಂತ ತೂರೂದು ಬಿಟ್ಟಾರೇನು?"